ಜ್ವರದ ಮಗುವೂ ಹಾಜರಿಯೂ
ಕಾಸರಗೋಡಿನಲ್ಲಿ ಶಾಲೆಯ ಬಾಗಿಲು ತೆರೆಯುವುದೂ ಮಳೆಗಾಲ ಹಿಡಿಯುವುದೂ ಜೂನ್ ತಿಂಗಳಲ್ಲೇ. ಆರನೆಯ ಕೆಲಸದ ದಿನದ ವಿದ್ಯಾರ್ಥಿಗಳ ಸಂಖ್ಯೆಯನ್ನು ಆಧರಿಸಿ ಕೇರಳದಲ್ಲಿ ಅಧ್ಯಾಪಕ ಹುದ್ದೆಗಳು ನಿರ್ಣಯವಾಗುವುದರಿಂದ, ಕನ್ನಡ ವಿಭಾಗದಲ್ಲಿ ಒಂದು ತಲೆಯೂ ತಪ್ಪಬಾರದೆಂದು ಮೈ ಬಿಸಿಯಿರುವ ಮಗುವನ್ನೂ ಕಳುಹಿಸುವ ಹೆತ್ತವರಿದ್ದಾರೆ. ಅವರ ಕಳಕಳಿ ದೊಡ್ಡದು. ಫಲ ಮಾತ್ರ ವಿಪರೀತ. ಫ್ಲೂ ವೈರಾಣು ಲಕ್ಷಣ ಕಾಣುವ ಒಂದು ದಿನ ಮೊದಲೇ ಹರಡತೊಡಗಿ, ಬಳಿಕವೂ ಐದಾರು ದಿನ ಹರಡುತ್ತಿರುತ್ತದೆ. ಸಣ್ಣ ತರಗತಿ ಬರಿದಾಗಲು ಒಂದು ಬೆಂಚು ಸಾಕು. ಔಷಧಿಯಿಲ್ಲದೆಯೂ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ಶಾಲೆಗೆ ಕಳುಹಿಸುವುದು ಉಚಿತ. ಅಲ್ಲಿಯವರೆಗೆ ಮನೆಯಲ್ಲಿ ಆ ಮಗುವಿನ ಬೈರಾಸು, ಲೋಟ ಬೇರೆಯಿರಲಿ. ಎಲ್ಲರೂ 20 ಸೆಕೆಂಡು ಸೋಪಿನಿಂದ ಕೈ ತೊಳೆಯಲಿ. ವೈರಾಣುವಿಗೆ ಆಂಟಿಬಯಾಟಿಕ್ ನಾಟದು. ಹಳೆಯ ಚೀಟಿ ಹಿಡಿದು ಔಷಧದಂಗಡಿಗೆ ಹೋಗುವುದು ವ್ಯರ್ಥ. ಏದುಸಿರು ಬಿಡುವ ಮಗುವನ್ನು ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.