ಪಕ್ಕದ ಮನೆಯ ಬಾವಿ

"ಸಿಟಿ ಬಿಟ್ಟು ಅಷ್ಟು ದೂರ ಹೋಗ್ತೀಯಲ್ಲೇ, ಅಲ್ಲೇನಿದೆ?" ಅಂತ ಅಕ್ಕ ಕೇಳಿದ್ದಳು. 2008ರಲ್ಲಿ ನಾವು ಬೆಂಗಳೂರಿನ ಅಂಚಿನಲ್ಲಿ, ವರ್ತೂರಿನ ಬಳಿ ಮನೆ ಕಟ್ಟಿದ ಹೊತ್ತು. "ಗಾಳಿಯಿದೆ, ಬೆಳಕಿದೆ, ಬೋರಿನಲ್ಲಿ ಸಿಹಿನೀರಿದೆ" ಅಂದಿದ್ದೆ ಹೆಮ್ಮೆಯಿಂದ.

ಅದಕ್ಕೆ ಹಿಂದಿನ ವರ್ಷವಷ್ಟೇ, 2007ರಲ್ಲಿ, ಸುತ್ತಲಿನ 110 ಹಳ್ಳಿಗಳನ್ನು ಮಹಾನಗರ ಪಾಲಿಕೆಗೆ ಸೇರಿಸಿದ್ದರು. ರಾಗಿ ಹೊಲಗಳು ಸೈಟುಗಳಾದವು. ಹಳ್ಳಿಗಳೇನೋ ನಗರವಾದವು, ಕಾವೇರಿ ಕೊಳಾಯಿ ಮಾತ್ರ ಹಿಂದೆಯೇ ಉಳಿಯಿತು. ಹಾಗಾಗಿ ಮನೆಗೊಂದು ಬೋರು.

ಪಕ್ಕದ ಹೆಂಚಿನ ಮನೆಯಲ್ಲಿ ಹಳ್ಳಿಯ ಅಜ್ಜಿಯೊಬ್ಬರಿದ್ದಾರೆ. ನಮ್ಮ ಗೃಹಪ್ರವೇಶಕ್ಕೆ ನೀರು ಕೊಟ್ಟದ್ದು ಅವರ ಹಿತ್ತಲಿನ ಬಾವಿ. ದುಡ್ಡು ಕೊಡಹೋದರೆ, "ನೀರಿಗೆ ಯಾರಾನ ದುಡ್ಡು ಇಸ್ಕಂತಾರಾ ತಾಯಿ?" ಅಂತ ನಕ್ಕು, ಮೇಲೊಂದು ಕಟ್ಟು ದಂಟಿನ ಸೊಪ್ಪೂ ಕೊಟ್ಟಿದ್ದರು.

2024ರ ಬೇಸಿಗೆ ನಿಮಗೆ ನೆನಪಿರಬೇಕಲ್ಲ? ನಮ್ಮ ಬೋರು ನಿಂತಿತು. ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತೆ. ನನ್ನ ಮುಂದೆಯೇ ಅಜ್ಜಿ!

"ಅಜ್ಜಿ, ನಿಮ್ಮ ಬಾವಿ?"

"ಬತ್ತಿ ಆರು ವರ್ಷ ಆತು ತಾಯಿ. ನೀವು ಕೇಳ್ಲಿಲ್ಲ, ನಾನು ಏಳ್ಲಿಲ್ಲ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರ ಬಾವಿಯ ನೀರಲ್ಲವೇ ನಮ್ಮ ಸಂಪಿಗೆ ಬಂದದ್ದು?

2024ರ ಅಕ್ಟೋಬರಿನಲ್ಲಿ ಈ 110 ಹಳ್ಳಿಗಳಿಗೆಂದೇ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಸಂತೋಷವೇ. ಆದರೆ ಕಾವೇರಿ ಬಂತೆಂದು ನೆಲದ ಸಾಲ ತೀರುತ್ತದೆಯೇ?

ಸೋದರಿಯರೇ, ಒಂದು ಲೆಕ್ಕ ಹೇಳುತ್ತೇನೆ. 1000 ಚದರಡಿ ತಾರಸಿಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 900 ಲೀಟರ್ ನೀರು. ಅದೆಲ್ಲ ಮೋರಿಗೆ ಹೋಗುತ್ತಿತ್ತು. ನಾವು ಮೂರು ಮನೆಯವರು ಸೇರಿ ತಾರಸಿಯ ಪೈಪುಗಳನ್ನು ಅಜ್ಜಿಯ ಬಾವಿಗೆ ತಿರುಗಿಸಿದೆವು. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡಬೇಕು. ಆಮೇಲಿನದನ್ನು ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನ ಮೂಲಕ ಸೋಸಿ ಬಿಡಬೇಕು. ಮಳೆಗಾಲಕ್ಕೆ ಮುಂಚೆ ತಾರಸಿ ಗುಡಿಸುವುದನ್ನು ಮರೆಯಬೇಡಿ. ಕುಡಿಯುವುದಾದರೆ ಕಾಯಿಸಿಯೇ ಕುಡಿಯಿರಿ.

ಎರಡು ಮಳೆಗಾಲ ಕಳೆದವು. ಬಾವಿಯ ತಳದಲ್ಲಿ ಮೊಣಕಾಲುದ್ದ ನೀರು ನಿಂತಿದೆ. ಹೆಚ್ಚೇನಲ್ಲ. ಆದರೂ ಮೊನ್ನೆ ಅಜ್ಜಿ ಮತ್ತೆ ದಂಟಿನ ಸೊಪ್ಪು ತಂದುಕೊಟ್ಟರು.

ಹೊಸ ಬಡಾವಣೆಗೆ ಹೋಗುವವರು ಬಸ್ಸು, ಶಾಲೆ, ಅಂಗಡಿ ಎಲ್ಲ ವಿಚಾರಿಸುತ್ತೀರಿ. ಪಕ್ಕದ ಮನೆಯಲ್ಲಿ ನೀರಿದೆಯೇ ಅಂತಲೂ ಒಮ್ಮೆ ಕೇಳಿ.