ಗೆದ್ದವರಷ್ಟೇ ಅಲ್ಲ, ಗೆಲ್ಲಿಸಿದವರೂ ದೊಡ್ಡವರು

ಪ್ರತಿ ವರ್ಷ ಸ್ನೇಹಸಮ್ಮೇಳನದ ದಿನ ನಮ್ಮ ಶಾಲೆಯ ವೇದಿಕೆಯ ಮೇಲೆ ಕಪ್ಪುಗಳು ಸಾಲಾಗಿ ನಿಲ್ಲುತ್ತವೆ. ಓಟದಲ್ಲಿ ಮೊದಲು ಬಂದವನಿಗೆ ಒಂದು, ಖೋ ಖೋ ಗೆದ್ದ ತಂಡಕ್ಕೆ ಒಂದು. ಹೆಸರು ಕೂಗಿದ ಕೂಡಲೇ ಚಪ್ಪಾಳೆ ಬೀಳುತ್ತದೆ. ಆದರೆ ಆ ತಂಡಕ್ಕೆ ಕಂಬ ಸುತ್ತುವುದನ್ನೂ ಖೋ ಕೊಡುವುದನ್ನೂ ಬಿಸಿಲಲ್ಲಿ ನಿಂತು ಕಲಿಸಿದವರು ಯಾರು? ಅವರ ಹೆಸರನ್ನು ಯಾರೂ ಕೂಗುವುದಿಲ್ಲ. ಇದು ಸರಿಯೇ ಎಂಬುದು ನಮ್ಮ ಪ್ರಶ್ನೆ.

ಈ ವಿಚಾರ ಬಂದಾಗ ನಮಗೆ ನೆನಪಾಗುವವರು ಪ್ರಕಾಶ ಪಡುಕೋಣೆಯವರು. ಇಂದಿನ ಮಕ್ಕಳಿಗೆ ಚಿತ್ರನಟಿ ದೀಪಿಕಾ ಅವರ ತಂದೆ ಎಂದರೆ ಬೇಗ ತಿಳಿಯುತ್ತದೆ. ಅವರು ಹುಟ್ಟಿದ್ದು 1955ರ ಜೂನ್ 10ರಂದು, ಬೆಂಗಳೂರಿನಲ್ಲಿ. ತಂದೆ ರಮೇಶ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಗಳಾಗಿದ್ದವರು. ಅವರೇ ಮೊದಲ ಗುರುಗಳು. ಆಡಲು ಒಳ್ಳೆಯ ಕೋರ್ಟು ಎಲ್ಲಿತ್ತು? ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಮಂಟಪವೇ ಅವರ ಕೋರ್ಟು. ಅಲ್ಲಿ ಮದುವೆಯಿದ್ದರೆ ಆ ದಿನ ಆಟವಿಲ್ಲ! 1962ರಲ್ಲಿ, ಏಳು ವರ್ಷದವರಿದ್ದಾಗ, ರಾಜ್ಯ ಕಿರಿಯರ ಸ್ಪರ್ಧೆಯಲ್ಲಿ ಮೊದಲ ಸುತ್ತಿನಲ್ಲೇ ಸೋತರು. ಎರಡೇ ವರ್ಷಗಳಲ್ಲಿ ಅದೇ ಪ್ರಶಸ್ತಿಯನ್ನು ಗೆದ್ದರು.

ಮುಂದಿನದು ಎಲ್ಲರಿಗೂ ತಿಳಿದ ಕಥೆ. ಸತತವಾಗಿ 9 ಬಾರಿ ರಾಷ್ಟ್ರೀಯ ಚಾಂಪಿಯನ್. 1978ರಲ್ಲಿ ಕಾಮನ್‌ವೆಲ್ತ್ ಕ್ರೀಡೆಗಳ ಚಿನ್ನ. 1980ರಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿ. ಅದನ್ನು ಗೆದ್ದ ಮೊದಲ ಭಾರತೀಯರು ಅವರೇ. ಇಷ್ಟಕ್ಕೇ ಅವರು ಸುಮ್ಮನೆ ಕುಳಿತಿದ್ದರೂ ನಾವು ಅವರನ್ನು ಗೌರವಿಸುತ್ತಿದ್ದೆವು. ಆದರೆ ಅವರು ಸುಮ್ಮನೆ ಕುಳಿತುಕೊಳ್ಳಲಿಲ್ಲ.

1994ರಲ್ಲಿ ವಿಮಲ್ ಕುಮಾರ್ ಮೊದಲಾದ ಜೊತೆಗಾರರೊಡನೆ ಅವರು ಬೆಂಗಳೂರಿನಲ್ಲಿ ಬ್ಯಾಡ್ಮಿಂಟನ್ ಅಕಾಡೆಮಿ ತೆರೆದರು. ಮದುವೆ ಮಂಟಪ ಖಾಲಿಯಾಗಲೆಂದು ಕಾದ ಹುಡುಗ, ಬೇರೆ ಮಕ್ಕಳು ಹಾಗೆ ಕಾಯಬಾರದೆಂದು ಅಂಗಳ ಮಾಡಿಕೊಟ್ಟಂತಾಯಿತು. ಅಲ್ಲಿ ತರಬೇತಿ ಪಡೆದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಅದೇ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದರು. ಗೋಪಿಚಂದ್ ತಾವೂ ಗುರುಗಳಾಗಿ ಹೈದರಾಬಾದಿನಲ್ಲಿ ಅಕಾಡೆಮಿ ಕಟ್ಟಿದರು. ಅವರ ಗರಡಿಯಲ್ಲಿ ಪಳಗಿದ ಸೈನಾ ನೆಹ್ವಾಲ್ 2012ರ ಒಲಿಂಪಿಕ್ಸಿನಲ್ಲಿ ಕಂಚನ್ನೂ, ಪಿ. ವಿ. ಸಿಂಧು 2016ರಲ್ಲಿ ಬೆಳ್ಳಿಯನ್ನೂ ತಂದರು. ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದರೆ ಮೊದಲಿನ ದೀಪದ ಬೆಳಕೇನೂ ಕಡಿಮೆಯಾಗುವುದಿಲ್ಲ.

ನಮ್ಮ ಸೊಲ್ಲಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಹನ್ನೆರಡನೆಯ ಶತಮಾನದಲ್ಲಿ ಕೆರೆ ಕಟ್ಟಿಸಿದ್ದು ತಮ್ಮ ಕೊಡ ತುಂಬಿಕೊಳ್ಳಲಿಕ್ಕಲ್ಲ. ಪದಕವೆಂಬುದು ತನ್ನ ಮನೆಯ ಕೊಡ. ಕಲಿಸುವುದೆಂಬುದು ಊರಿನ ಕೆರೆ.

'ಅವರು ಜಗತ್ತನ್ನು ಗೆದ್ದವರು, ಕಲಿಸಿದರು, ನಾವೇನು ಗೆದ್ದಿದ್ದೇವೆ?' ಎಂದು ಕೆಲವರು ಕೇಳಬಹುದು. ಅಂಥವರು ರಷ್ಯಾದ ತಮಾರಾ ಮಾಸ್ಕ್ವಿನಾ ಅವರ ಬಾಳನ್ನು ನೋಡಬೇಕು. ಕಾಲಿಗೆ ಅಲಗಿನ ಬೂಟು ತೊಟ್ಟು, ಮಂಜುಗಡ್ಡೆಯ ಮೇಲೆ ಗಂಡು ಹೆಣ್ಣು ಜೋಡಿಯಾಗಿ ಜಾರುತ್ತ ಆಡುವ ಆಟವೊಂದಿದೆ. ಜೋಡಿ ಸ್ಕೇಟಿಂಗ್ ಎಂದು ಅದರ ಹೆಸರು. ಅದರಲ್ಲಿ ಆಕೆ ಅಲೆಕ್ಸಿ ಮಿಶಿನ್ ಅವರ ಜೋಡಿಯಾಗಿ 1969ರ ವಿಶ್ವ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಪಡೆದರು. ಒಲಿಂಪಿಕ್ ಪದಕ ಒಲಿಯಲೇ ಇಲ್ಲ. ಆದರೆ ಆಕೆ ಗುರುವಾದ ಮೇಲೆ ಆಕೆಯ ಶಿಷ್ಯ ಜೋಡಿಗಳು 1984, 1992, 1998 ಮತ್ತು 2002ರಲ್ಲಿ ಒಲಿಂಪಿಕ್ ಚಿನ್ನ ಗೆದ್ದವು. ಜೊತೆಗಾರ ಮಿಶಿನ್ ಕೂಡ ಹೆಸರಾಂತ ಗುರುಗಳಾದರು. ತನಗೆ ಸಿಗದ್ದನ್ನು ಇನ್ನೊಬ್ಬರಿಗೆ ಸಿಗುವಂತೆ ಮಾಡಲು ದೊಡ್ಡ ಮನಸ್ಸು ಬೇಕು.

ಗುರುವಾದವರು ಬೆನ್ನು ತಟ್ಟಿದರಷ್ಟೇ ಸಾಲದು, ಕಹಿ ಮಾತನ್ನೂ ಆಡಬೇಕಾಗುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಲಕ್ಷ್ಯ ಸೇನ್ ಕಂಚಿನ ಪಂದ್ಯ ಸೋತು ನಾಲ್ಕನೆಯವರಾದರು. ಚಿಕ್ಕಂದಿನಿಂದ ಪಡುಕೋಣೆಯವರ ಅಕಾಡೆಮಿಯಲ್ಲಿ ಬೆಳೆದ ಹುಡುಗ. ಕೋರ್ಟಿನ ಬದಿಯಲ್ಲಿ ಗುರುಗಳೂ ಇದ್ದರು. ಸರಕಾರ ಮಾಡಬೇಕಾದ್ದನ್ನು ಮಾಡಿದೆ, ಆಟಗಾರರೂ ಹೊಣೆ ಹೊರಬೇಕು ಎಂಬರ್ಥದ ಮಾತನ್ನು ಅವರು ಎಲ್ಲರೆದುರಿಗೇ ಹೇಳಿದರು. ಸೋತ ಗಳಿಗೆಯಲ್ಲಿ ಹಾಗೆ ಹೇಳಬಾರದಿತ್ತೆಂದು ಹಲವರು ಬೇಸರಪಟ್ಟರು. ಅವರ ಬೇಸರವೂ ನಮಗೆ ಅರ್ಥವಾಗುತ್ತದೆ. ಆದರೂ ಎದುರಿಗೆ ನಿಂತು ತಪ್ಪು ತೋರಿಸುವ ಹಕ್ಕು ವರ್ಷಗಟ್ಟಲೆ ಜೊತೆಗೆ ಬೆವರು ಸುರಿಸಿದವರಿಗೆ ಇದೆಯೆಂದೇ ನಮ್ಮ ಅಭಿಪ್ರಾಯ.

ಈಗ ನಮ್ಮ ಊರಿನ ಮಾತಿಗೆ ಬರೋಣ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯ ಈ ಕುಂಭಾರಿಯಲ್ಲಿ ಬೀಡಿ ಕಾರ್ಮಿಕರ ಸಾವಿರಾರು ಮನೆಗಳಿವೆ. ಸಂಜೆ ತಾಯಂದಿರ ಜೊತೆ ಕುಳಿತು ಎಲೆ ಕತ್ತರಿಸುವ ಹುಡುಗಿಯರು ಎಲ್ಲ ಇಯತ್ತೆಗಳಲ್ಲೂ ಇದ್ದಾರೆ. ಅವರಿಗೆ ಆಡಲು ಸಿಗುವುದು ಶಾಲೆಯ ಆಟದ ತಾಸು ಮಾತ್ರ. ಹತ್ತನೆಯ ಪರೀಕ್ಷೆ ಹತ್ತಿರ ಬಂದಂತೆ ಅದನ್ನೂ ಗಣಿತ ನುಂಗಿಬಿಡುತ್ತದೆ. ಎಂಟನೆಯಲ್ಲಿ ಚಿಗರೆಯಂತೆ ಓಡುತ್ತಿದ್ದವಳು ಹತ್ತಕ್ಕೆ ಬರುವಷ್ಟರಲ್ಲಿ ಮೈದಾನದ ಅಂಚಿನಲ್ಲಿ ಕುಳಿತು ನೋಡುತ್ತಾಳೆ. ವ್ಯಾಯಾಮದ ಗುರುಗಳು ಒಬ್ಬರೇ. ಇಡೀ ಶಾಲೆಯನ್ನು ಅವರೊಬ್ಬರೇ ಹೇಗೆ ನೋಡಿಯಾರು? ಅಂಕಗಳು ಬೇಡವೆಂದು ನಾವು ಹೇಳುವುದಿಲ್ಲ. ಬಡವರ ಮನೆಯ ಮಕ್ಕಳಿಗೆ ಅಂಕವೇ ಆಧಾರವೆಂಬುದು ನಮಗೂ ಗೊತ್ತು. ಆದರೆ ವಾರಕ್ಕೆ ಎರಡು ತಾಸು ಆಡಿದ್ದರಿಂದ ಯಾರೂ ನಪಾಸಾಗುವುದಿಲ್ಲ.

ಆದುದರಿಂದ ನಮ್ಮ ಸೂಚನೆ ಇಷ್ಟೇ. ಒಂಬತ್ತು, ಹತ್ತನೆಯ ಇಯತ್ತೆಯಲ್ಲಿ ಆಟ ಬಲ್ಲವರು ಆ ಎರಡು ತಾಸುಗಳಲ್ಲಿ ಕೆಳಗಿನ ತರಗತಿಯವರಿಗೆ ಕಲಿಸಲಿ. ಅಕ್ಕ ತಂಗಿಗೆ, ಅಣ್ಣ ತಮ್ಮನಿಗೆ ಹೇಳಿಕೊಟ್ಟಂತೆ. ಇದಕ್ಕೆ ಹಣ ಬೇಡ, ಹೊಸ ಕಟ್ಟಡ ಬೇಡ. ಸುಣ್ಣದ ಗೆರೆ ಮತ್ತು ಒಂದು ಸೀಟಿ ಸಾಕು. ಮುಂದಿನ ಸ್ನೇಹಸಮ್ಮೇಳನದಲ್ಲಿ ಗೆದ್ದವರ ಕಪ್ಪುಗಳ ಪಕ್ಕದಲ್ಲಿ ಕಲಿಸಿದವರಿಗೂ ಒಂದು ಕಪ್ಪು ಇರಲಿ. ಆ ಹೆಸರು ಕೂಗಿದಾಗ ನಾವೆಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟೋಣ.