ಹೊಲ ಮಾರಿಬಿಡಲಿ ಅನ್ನೋರಿಗೆ...

"ನಾಲ್ಕೆಕರೆ ಇಟ್ಕೊಂಡು ಏನ್ ಮಾಡ್ತಾರೆ? ಮಾರಿ ಸಿಟಿಗೆ ಬರಲಿ. ದೊಡ್ಡ ಕಂಪನಿಗಳು ಬೇಸಾಯ ಮಾಡಲಿ." ನಮ್ಮ ಟೆಕ್ಕಿ ಬಳಗದಲ್ಲಿ ಕಾಫಿ ಬ್ರೇಕ್‌ಗೊಮ್ಮೆ ಕೇಳಿಬರುವ ಮಾತಿದು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತೆ.

ಗದಗ ಜಿಲ್ಲೆಯ ಹಳ್ಳಿಗುಡಿ ನೆನಪಿದೆಯಾ? ಮುಂಡರಗಿ ತಾಲ್ಲೂಕು. 2010ರಲ್ಲಿ ಪೋಸ್ಕೋ ಉಕ್ಕಿನ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ ಸರ್ಕಾರ, ಅಲ್ಲಿ ಮೂರು ಸಾವಿರಕ್ಕೂ ಹೆಚ್ಚು ಎಕರೆ ಭೂಮಿಗೆ ಕೈ ಹಾಕಿತ್ತು. ರೈತರು ಬೀದಿಗಿಳಿದರು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. 2011ರ ಜುಲೈನಲ್ಲಿ ಸರ್ಕಾರ ಹಿಂದೆ ಸರಿಯಿತು. ಭೂಮಿ ಕೊಡೋಕೆ ಸಿದ್ಧರಿದ್ದ ರೈತರೂ ಇದ್ದರು, ನಿಜ. ಯಾಕೆ? ಬೆಳೆದದ್ದಕ್ಕೆ ಬೆಲೆ ಸಿಗದಿದ್ದರೆ ಯಾರಿಗೆ ತಾನೇ ಬೇಸರ ಬರಲ್ಲ?

ಆದರೆ ಆ ಎರೆಹೊಲದ ಲೆಕ್ಕ ಸ್ವಲ್ಪ ನೋಡಿ ಸ್ವಾಮಿ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆ ಬಹುಪಾಲು ಬೇಸಾಯ ಮಳೆ ನಂಬಿದ್ದು. ಮುಂಗಾರಿಗೆ ಹೆಸರು, ಅದು ಬಂದ ಮೇಲೆ ಹಿಂಗಾರಿಗೆ ಜೋಳ ಇಲ್ಲವೇ ಕಡಲೆ. ಜೋಳದ ಕಾಳು ಮನೆಗೆ, ಕಣಿಕೆ ಎತ್ತಿಗೆ, ಸಗಣಿ ಗೊಬ್ಬರ ಮತ್ತೆ ಹೊಲಕ್ಕೆ. ಒಂದು ಬೆಳೆ ಕೈ ಕೊಟ್ಟರೆ ಇನ್ನೊಂದು ಕೈ ಹಿಡಿಯುತ್ತೆ. ಸರ್ವರ್‌ಗೆ ಬ್ಯಾಕಪ್ ಇಡುವ ನಮಗೆ ಇದು ಎಲ್ಲರಿಗಿಂತ ಮೊದಲು ಅರ್ಥವಾಗಬೇಕಿತ್ತಲ್ವಾ! ಲಾಭಕ್ಕೆಂದೇ ಬೆಳೆಯುವ ಕಂಪನಿ, ಬೆಲೆ ಬಿದ್ದ ವರ್ಷ ಬಿತ್ತದೇ ಬಿಡಬಹುದು. ಊಟಕ್ಕೂ ಬೆಳೆಯುವ ಕುಟುಂಬಕ್ಕೆ ಆ ಆಯ್ಕೆಯೇ ಇಲ್ಲ. ಪ್ರತಿ ವರ್ಷ ಹೊರದೇಶದಿಂದ ಬೇಳೆಕಾಳು ತರಿಸುವ ದೇಶ ನಮ್ಮದು. ಹೆಸರು, ಕಡಲೆ ಬೆಳೆಯುವವರನ್ನೇ ಒಕ್ಕಲೆಬ್ಬಿಸಿ ಆಹಾರ ಭದ್ರತೆಯ ಮಾತಾಡೋದು ಯಾವ ಜಾಣತನ?

2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದು, ರೈತರಲ್ಲದವರೂ ಕೃಷಿಭೂಮಿ ಕೊಳ್ಳಲು ಬಾಗಿಲು ತೆರೆದರು. ಇನ್ನು ಭೂಮಿ ಹೋಗೋಕೆ ಪೋಸ್ಕೋನೇ ಬರಬೇಕಿಲ್ಲ. ನಮ್ಮಂಥವರ ವೀಕೆಂಡ್ ಫಾರ್ಮ್‌ಹೌಸ್ ಆಸೆ ಸಾಕು.

ಸಣ್ಣ ರೈತ ಒಬ್ಬನೇ ಗೆಲ್ಲಲಾರ ಅನ್ನೋದನ್ನ ಒಪ್ಪುತ್ತೇನೆ. ಅದಕ್ಕೇ ಅಲ್ಲವೇ ಗದುಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ಸಹಕಾರ ಸಂಘ ಕಟ್ಟಿದ್ದು? ಸಾಲದ ಕಷ್ಟಕ್ಕೆ ಅವರು ಹೊಲ ಮಾರಿಸಲಿಲ್ಲ, ರೈತರನ್ನು ಒಟ್ಟು ಸೇರಿಸಿದರು. ಇವತ್ತು ಬೇಕಿರೋದೂ ಅದೇ ದಾರಿ: ಹೆಸರು ದಲ್ಲಾಳಿ ಕೈಗೆ ಹೋಗುವ ಮೊದಲೇ ತೆರೆಯುವ ಖರೀದಿ ಕೇಂದ್ರ, ಈರುಳ್ಳಿ ಕೊಳೆಯದಂತೆ ಇಡಲು ಜಾಗ, ಹೊತ್ತಿಗೆ ಸರಿಯಾಗಿ ಸಾಲ.

ಇವನ್ನೆಲ್ಲ ಕೊಟ್ಟು ನೋಡಿ. ಆಮೇಲೂ ರೈತ ತಾನಾಗೇ ಹೊಲ ಮಾರ್ತೀನಿ ಅಂದರೆ ಅದು ಅವನಿಷ್ಟ. ಒಪ್ಪದಿದ್ದರೆ ಬನ್ನಿ, ಜಗಳಾಡೋಣ!